ಕಮ್ಮನಹಳ್ಳಿಯಲ್ಲಿ ಉಬ್ಬರ

ಕಾವೇರಿ ಹೊರಟಿದ್ದೇನೋ ಸಮುದ್ರಕ್ಕೇ.
ನಡುದಾರಿಯಲ್ಲಿ ಹಿಡಿದು, ಪೈಪಿಗೆ ತುಂಬಿ
ಗುಡ್ಡ ಹತ್ತಿಸಿ ಈ ಊರಿಗೆ ತಂದರು.
ನಾನು ನೀಲಿ ಡ್ರಮ್ಮಿಗೆ ಹಿಡಿದಿಟ್ಟು
ಕ್ಲೋರಿನ್ ಹಾರಲು ಒಂದು ರಾತ್ರಿ ಬಿಟ್ಟು
ಲೀಟರಿಗೆ ಮೂವತ್ತೈದು ಗ್ರಾಂ ಮೂಟೆ ಉಪ್ಪು ಸುರಿದು
ಮರದ ಸೌಟಿನಲ್ಲಿ ಕಲಕುತ್ತೇನೆ:
ತಗೋಮ್ಮಾ, ನೀನು ಹೊರಟಿದ್ದ ಜಾಗ.

ಸಮುದ್ರ ಮಾಡುವುದು ನನ್ನ ಕೆಲಸ.
ಸಮುದ್ರ ನೋಡಿಲ್ಲ.
ಇನ್ನಾಸಪ್ಪ ಕಲಿಸಿಕೊಟ್ಟ ಅಳತೆಯಿದೆ,
ಗಾಜಿನ ಕಡ್ಡಿ ತೇಲಿ ನಿಲ್ಲುವ ಗೆರೆಯಿದೆ,
ಕೊನೆಗೆ ನಾಲಿಗೆಯಿದೆ.
'ಅತ್ತಾಗ ಬಾಯಿಗಿಳಿಯುತ್ತಲ್ಲ,
ಅದರ ನಾಲ್ಕು ಪಾಲು, ಸಲೋಮಿ' ಅಂದಿದ್ದ.
ಎಷ್ಟು ಅತ್ತಿದ್ದನೋ, ಲೆಕ್ಕ ಸರಿಯಾಗೇ ಇತ್ತು.

ಡಾಕ್ಟರ್ ಶೆರ್ಲಿಯವರ ಹಲ್ಲಿನ ಆಸ್ಪತ್ರೆಯಲ್ಲಿ
ಐದಡಿ ಗಾಜು. ದವಡೆ ಊದಿದವರೆಲ್ಲ
ಅದರ ಮುಂದೆ ಕೂತು ನೋವು ಮರೆಯಬೇಕು.
ಒಳಗೆ ಶ್ರೀಲಂಕಾದ ಕೆಂಪು ಪಟ್ಟೆಯ ಸೀಗಡಿ
ತನಗಿಂತ ದೊಡ್ಡ ಮೀನಿನ ಬಾಯಿ ಹೊಕ್ಕು ಹಲ್ಲುಜ್ಜುತ್ತದೆ.
ಮೀನು 'ಆ' ಮಾಡಿ ನಿಂತಿರುತ್ತದೆ.
ಫೀಸಿಲ್ಲ, ಚೀಟಿಯಿಲ್ಲ, ನುಂಗುವುದೂ ಇಲ್ಲ.
ಹೊರಗಿನ ಮಕ್ಕಳು ಇಷ್ಟು ನೋಡಿಯೂ ನಂಬದೆ ಅಳುತ್ತವೆ.
ಇಂಡೋನೇಷ್ಯಾದ ಎರಡು ಕೋಡಂಗಿ ಮೀನು
ಕುಟುಕುವ ಕಡಲ ಹೂವಿನೊಳಗೇ ಸಂಸಾರ ಹೂಡಿವೆ.
ಯಾವ ಯಾವುದೋ ನೀರಿಂದ ಬಂದವರಿಗೆಲ್ಲ
ಇಲ್ಲಿ ಒಂದೇ ಸಮುದ್ರ, ನನ್ನದು.

ಜನವರಿಯಲ್ಲಿ ಕೀನ್ಯಾದಿಂದ ಸನ್ಯಾಸಿ ಏಡಿ ಬಂತು,
ಪ್ಲಾಸ್ಟಿಕ್ ಚೀಲದಲ್ಲಿ, ಯಾರೋ ಸತ್ತು ಬಿಟ್ಟುಹೋದ ಚಿಪ್ಪು ಹೊತ್ತು.
ಮೊದಲ ದಿನ ಹನ್ನೊಂದೂ ಹತ್ತಕ್ಕೆ ಹೊರಬಂದು
ಕಲ್ಲು ಹತ್ತಿ ನಿಂತಿತು. ಮರುದಿನ ಹನ್ನೆರಡಕ್ಕೆ.
ಮೂರನೆಯ ದಿನ ಒಂದಕ್ಕೆ ಹತ್ತು ನಿಮಿಷ ಇರುವಾಗ.
ರಿಸೆಪ್ಷನ್ನಿನ ಜಬೀನಾ ರಿಜಿಸ್ಟರಿನ ಅಂಚಿನಲ್ಲಿ
ಗುರುತು ಹಾಕುತ್ತ ಹೋದಳು:
'ದಿನಾ ಲೇಟು ಅಕ್ಕಾ, ದಿನಾ ಐವತ್ತೇ ನಿಮಿಷ.'
ಇನ್ನಾಸಪ್ಪನಿಗೆ ಫೋನ್ ಮಾಡಿದೆ.
ತುಸು ಹೊತ್ತು ಸುಮ್ಮನಿದ್ದ. ಆಮೇಲೆ,
'ಅದರ ಊರಲ್ಲಿ ಈಗ ನೀರು ಏರ್ತಿದೆ ಕಣಮ್ಮ' ಅಂದ.

ಮೂರು ಸಾವಿರ ಅಡಿ ಎತ್ತರದಲ್ಲಿ,
ಮೊಬೈಲ್ ಅಂಗಡಿಗೂ ಕಬಾಬಿನ ಗಾಡಿಗೂ ನಡುವೆ,
ಯಾರಿಗೂ ಕೇಳದ ಒಂದು ದಡಕ್ಕೆ
ಆ ಪುಟ್ಟ ಕಾಲುಗಳು ಹಾಜರಿ ಹಾಕುತ್ತಿದ್ದವು.

ಹದಿನೆಂಟನೇ ದಿನ ತಪ್ಪಿತು.
ಹತ್ತೊಂಬತ್ತಕ್ಕೆ ಬರಲೇ ಇಲ್ಲ.
ಆಮೇಲೆ ಬಲ್ಬು ಹತ್ತಿದರೆ ಬರುತ್ತಿತ್ತು,
ಎಲ್ಲರ ಹಾಗೆ.
ಜಬೀನಾಳ ಅಂಚು ಖಾಲಿಯಾಯಿತು.

ಏಪ್ರಿಲಿನ ಗಾಳಿಗೆ ಒಂದು ರಾತ್ರಿ ಗುಲ್‌ಮೊಹರ್ ಮರ
ಟ್ರಾನ್ಸ್‌ಫಾರ್ಮರ್ ಮೇಲೆ ಬಿತ್ತು. ಕರೆಂಟಿಲ್ಲ, ಯುಪಿಎಸ್ ಸತ್ತಿದೆ,
ಗುಳ್ಳೆ ಬಿಡುವ ಮೋಟಾರು ನಿಂತಿದೆ ಎಂದು ಡಾಕ್ಟರ ಫೋನು.
ಬೀಗ ತೆಗೆದು, ಟಾರ್ಚು ಹಲ್ಲಲ್ಲಿ ಕಚ್ಚಿ,
ಪ್ಲಾಸ್ಟಿಕ್ ಮಗ್ಗು ಹುಡುಕಿದೆ
(ತಾಮ್ರದ ಚೊಂಬು ಕೈಗೆ ಸಿಕ್ಕಿತ್ತು; ತಾಮ್ರ ಸೀಗಡಿಗೆ ವಿಷ).
ಮೊಗೆದು, ಎತ್ತರದಿಂದ ಹುಯ್ಯುವುದು.
ಮೊಗೆದು, ಹುಯ್ಯುವುದು. ಚಹಾ ಆರಿಸುವವರ ಹಾಗೆ.
ನೀರಿಗೆ ಗಾಳಿ ಬೆರೆಯಬೇಕು, ಅಷ್ಟೆ.
ಅಲೆಗಳು ಮಾಡುವುದೂ ಇದನ್ನೇ ಅಂತೆ,
ಕೂಲಿಯಿಲ್ಲದೆ, ನೋಡಲು ಯಾರೂ ಇಲ್ಲದಾಗಲೂ.

ಭುಜ ಸೋತಿತು. ಸೀಗಡಿ ಮೇಲೆ ಬಂದು ಮೀಸೆ ಆಡಿಸಿತು.
ಕೋಡಂಗಿಗಳಲ್ಲಿ ಒಂದು ಉಳಿಯಲಿಲ್ಲ;
ಬೆಳಗ್ಗೆ ಮನಿಪ್ಲಾಂಟಿನ ಕುಂಡದಲ್ಲಿ ಮುಚ್ಚಿದೆ.
ಏಡಿ ಮಾತ್ರ, ಆ ಕತ್ತಲಲ್ಲೇ,
ನಾನು ಹುಯ್ಯುವ ನೀರಿನ ಕೆಳಗೇ ಬಂದು
ಕಲ್ಲು ಹತ್ತಿ ನಿಂತಿತು.
ಗಡಿಯಾರ ನೋಡಿದೆ: ಮೂರೂ ನಲವತ್ತು.

ಮಾರನೇ ರಾತ್ರಿ ಮನೆಯಲ್ಲಿ
ನಾಲ್ಕೂವರೆಗೆ ಎಚ್ಚರವಾಯಿತು.
ಅದರ ಮಾರನೆಗೆ ಐದೂ ಇಪ್ಪತ್ತಕ್ಕೆ.
ಕೈ ತಾನಾಗಿ ಮಗ್ಗು ಹುಡುಕುತ್ತಿತ್ತು.
ಹೊರಗೆ ವಾಲ್ವ್‌ಮ್ಯಾನ್ ಸಲಾಕೆ ತಿರುಗಿಸುವ ಸದ್ದು.
ಸಂಪಿನೊಳಗೆ ನೀರು ಬೀಳತೊಡಗಿತು.