ಟನ್ನಿಗೆಷ್ಟು

ಜುಬೈಲಿನ ಈ ಪೋರ್ಟಾ ಕ್ಯಾಬಿನ್ನಿನಲ್ಲಿ
ಏಸಿಯ ಹನಿ ಬಕೆಟ್ಟಿಗೆ ಬೀಳುತ್ತದೆ.
ನನ್ನ ಕೆಲಸ, ಹಿಡಿದ ಹೊಗೆಗೆ ಬೆಲೆ ಕಟ್ಟುವುದು.
ಊರಲ್ಲಿ ಹೇಳಿದರೆ ನಗುತ್ತಾರೆ:
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದಕ್ಕೂ
ಸಂಬಳ ಕೊಡುತ್ತಾರಾ?

ಕೊಡುತ್ತಾರೆ. ರಿಯಾಲಿನಲ್ಲಿ.

ಉಕ್ಕಿನ ಕುಲುಮೆಯ ಚಿಮಣಿಗೆ ಕುತ್ತಿಗೆಪಟ್ಟಿ ಹಾಕಿ
ಇಂಗಾಲವನ್ನಷ್ಟೇ ಹೆಕ್ಕುವ ಗೋಪುರ;
ಒಳಗೆ ಸುರಿಯುವ ಅಮೀನು ದ್ರಾವಣಕ್ಕೆ
ಹಳಸಿದ ಮೀನಿನ ವಾಸನೆ.
ಶಿಫ್ಟು ಮುಗಿಸಿದ ಉಳ್ಳಾಲದ ಇದಿನಬ್ಬ
ಮೂರು ಸಲ ಸೋಪು ಹಚ್ಚುತ್ತಾನೆ:
"ಬೋಟು ಬಿಟ್ಟು ಬಂದೆ ಮೇಡಂ,
ಮೀನೇ ಇಲ್ಲದೆ ನಾರುವ ಕೆಲಸ ಸಿಕ್ಕಿತು."

ಹಿಡಿದದ್ದನ್ನು ಬಿಡಿಸಲು ಕಾಯಿಸಬೇಕು,
ಕಾಯಿಸಲು ಉಗಿ, ಉಗಿಗೆ ಗ್ಯಾಸು,
ಗ್ಯಾಸು ಉರಿದರೆ ಮತ್ತೆ ಹೊಗೆ.
ಆ ಹೊಗೆಗೂ ಒಂದು ಸಾಲು ಬರೆದೆ,
ಅಡಿಯಲ್ಲಿ, ಚಿಕ್ಕ ಅಕ್ಷರದಲ್ಲಿ.
ಮೂಗಿಗಿಂತ ಮೂಗುತಿ ಭಾರ ಎನ್ನಲು
ಎಕ್ಸೆಲ್ಲಿನಲ್ಲಿ ಸೂತ್ರವಿಲ್ಲ.

ಕಾದದ್ದನ್ನು ತಣಿಸಲು ಸಮುದ್ರ.
ಪಂಪಿಗೆ ಬೆಲೆಯಿದೆ, ಪೈಪಿಗೆ ಇದೆ,
ಜಾಲರಿಗೆ ಅಂಟಿದ ಜೆಲ್ಲಿಮೀನು ಕೆರೆಯುವವನ
ದಿನಗೂಲಿಗೂ ಇದೆ.
ಸಮುದ್ರದ ಎದುರು: ಸೊನ್ನೆ.

ಮೊನ್ನೆ ಹಳೇ ದಕ್ಕೆಯಲ್ಲಿ
ತಂತಿಯ ಗೂಡುಬಲೆ ಹೊಲಿಯುತ್ತ ಕೂತಿದ್ದ ಅಬು ಘಾನಿಮ್
ನನ್ನ ಹೆಲ್ಮೆಟ್ಟು ನೋಡಿ ಅಂದ:
ನಿಮ್ಮ ಪೈಪಿನ ಬಾಯಲ್ಲಿ ನೀರಿಗೆ ಜ್ವರ.
ಸೀಗಡಿ ಆಚೆ ಹೋಯಿತು.
ಎಷ್ಟು ದೂರ?
ಕಿಲೋಮೀಟರು ಹೇಳಲಿಲ್ಲ. ಡೀಸೆಲಿನಲ್ಲಿ ಹೇಳಿದ:
ಎರಡು ಕ್ಯಾನು.

ಕೊನೆಯ ಹಾಳೆ ತೆರೆದದ್ದು ರಾತ್ರಿ ಹನ್ನೊಂದಕ್ಕೆ.
ಹಿಡಿದ ಅನಿಲ ಮರಳಿನಡಿ ಪೈಪು ಹಿಡಿದು
ಮುದಿ ಬಾವಿಯೊಂದರ ಬಾಯಿಗೆ ಹೋಗುತ್ತದೆ,
ಕಲ್ಲಿಗೆ ಅಂಟಿ ಕೂತ ಎಣ್ಣೆಯನ್ನು
ತಳ್ಳಿ ಎಬ್ಬಿಸಲು.
ನನ್ನ ಲೆಕ್ಕ ಕೆಂಪಿನಿಂದ ಹಸಿರಾಗುವುದು
ಆ ಒಂದೇ ಸಾಲಿನಲ್ಲಿ: ಹೆಚ್ಚುವರಿ ಬ್ಯಾರಲ್ಲು.
ಹೂಳಲು ಹೋದವರು
ಪಕ್ಕದ ಗೋರಿಯವನನ್ನು ಎಬ್ಬಿಸಿಕೊಂಡು ಬಂದ ಹಾಗೆ.
ಆ ಎಣ್ಣೆ ಇನ್ನೆಲ್ಲೋ ಉರಿದರೆ
ಅದು ಯೋಜನೆಯ ಗಡಿಯಾಚೆ.
ಗಡಿಯೆಂದರೆ ನಕ್ಷೆಯ ಮೇಲೊಂದು ಚುಕ್ಕೆಗೆರೆ.
ಎಳೆದವಳು ನಾನೇ.

"ಹಾಗಾದರೆ ಇದು ಬೇಕಾ ಬೇಡವಾ?"
ಇದಿನಬ್ಬ ಕೇಳಿದ, ಕಿವಿಯಲ್ಲಿ ಇನ್ನೂ ನೊರೆ.
ಬೇಡ ಎನ್ನಲು ನಾಲಿಗೆ ಏಳಲಿಲ್ಲ.
ಗೋಪುರ ನಿಂತ ದಿನ ಚಿಮಣಿ ನಿಲ್ಲುವುದಿಲ್ಲ,
ಅವನ ಹೊಸ ಮನೆಯ ಪಿಲ್ಲರಿನಲ್ಲೂ
ಯಾವುದೋ ಕುಲುಮೆಯ ಕಂಬಿಯಿದೆ.
ಬೇಕು ಅಂದೆನಾ? ಅದೂ ಇಲ್ಲ.
ಸುಲೈಮಾನಿ ಚಾ ಕುಡಿದೆವು.

ಅವನು ಹೋದ ಮೇಲೆ
ಸಮುದ್ರದ ಸೊನ್ನೆ ಅಳಿಸಿ
ಎರಡು ಕ್ಯಾನು ಅಂತ ಬರೆದೆ.
ಅಂಕಿ ಇರಬೇಕಾದಲ್ಲಿ ಅಕ್ಷರ;
ಕೆಳಗಿನ ಮೊತ್ತಗಳೆಲ್ಲ ಒಂದೊಂದಾಗಿ ಕೆಟ್ಟು
ಟನ್ನಿಗೆಷ್ಟು ಎಂಬಲ್ಲಿ
ಬರೀ ದೋಷಚಿಹ್ನೆ.

ಹಾಗೇ ಸೇವ್ ಮಾಡಿದೆ.
ಬಕೆಟ್ಟು ತುಂಬಿತ್ತು, ಚೆಲ್ಲಿ ಬಂದೆ.
ಮೀಟಿಂಗು ಒಂಬತ್ತಕ್ಕೆ.