ಗಳಿಗೆ ಬಟ್ಟಲು

ಅಂಗೈಯಗಲದ ತಾಮ್ರ. ತಳದಲ್ಲೊಂದು ತೂತು,
ಸಾಸಿವೆ ತೂರುವಷ್ಟು.
ದುರ್ಗದ ಸಂತೆಪೇಟೆಯಲ್ಲಿ ಪಾತ್ರೆ ಅಂಗಡಿಯವ
ತಿರುವಿ ನೋಡಿ ಅಂದ:
‘ತೂತು ಬಿದ್ದೈತೆ ಕಣಮ್ಮ, ಗುಜರಿ ರೇಟು.’
ವಾಪಸು ಚೀಲಕ್ಕೆ ಹಾಕಿಕೊಂಡೆ.
ತೂತಿಗೇ ಅದರ ಬೆಲೆ ಅಂತ
ಆ ಬಿಸಿಲಲ್ಲಿ ನಿಂತು ಯಾರಿಗೆ ಹೇಳಲಿ?

ನಮ್ಮಪ್ಪ ಪಾಲಯ್ಯ, ನೀರುಗಂಟಿ.
ಕೆರೆ ನಮ್ಮದಲ್ಲ, ಗದ್ದೆ ನಮ್ಮದಲ್ಲ,
ತೂಬಿನ ಗೂಟ ಎತ್ತುವ ಕೈ ಮಾತ್ರ ನಮ್ಮದು.
ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ
ಒಂದು ಮೊರ ಭತ್ತ, ಎರಡು ಹಿಡಿ ಮೆಣಸಿನಕಾಯಿ,
ಕೆಲವರಿಂದ ಬೈಗುಳ.

ಗುಡ್ಡದ ನೀರು ನೇರ ನಮ್ಮ ಕೆರೆಗೆ ಬರುತ್ತಿರಲಿಲ್ಲ.
ಮೇಲಿನ ಕಟ್ಟೆ ತುಂಬಿ, ಮಿಕ್ಕಿದ್ದು ಗೋಕಟ್ಟೆಗೆ,
ದನ ಕುಡಿದು, ಎಮ್ಮೆ ಹೊರಳಿ, ಉಕ್ಕಿದ್ದು ನಮಗೆ.
ನಮ್ಮ ಕೋಡಿ ಬಿದ್ದ ರಾತ್ರಿ
ಅಪ್ಪ ಕಂಬಳಿ ಕೊಪ್ಪೆ ಹಾಕಿ ಏರಿಯುದ್ದಕ್ಕೂ ನಡೆಯುವನು,
ಏಡಿ ಎಲ್ಲಿ ಬಿಲ ಕೊರೆದಿದೆ, ಮಣ್ಣೆಲ್ಲಿ ಮೆತ್ತಗಾಗಿದೆ
ಹೆಬ್ಬೆರಳನ್ನೇ ಕೇಳುತ್ತ.

ತೂಬು ಎತ್ತಿದ ಮೇಲೆ ಬಟ್ಟಲಿನ ಕಾರಭಾರ.
ತುಂಬಿದ ಗಡಿಗೆಯಲ್ಲಿ ತೇಲಿ ಬಿಡುವುದು.
ತೂತಿನಿಂದ ನೀರು ಒಳಗೆ ಹತ್ತಿ ಹತ್ತಿ
ಬಟ್ಟಲು ಮುಳುಗಿ, ತಳ ಮುಟ್ಟಿ ‘ಟಕ್’ ಅಂದರೆ
ಒಂದು ಗಳಿಗೆ.
ಗದ್ದೆಗೆ ಇಷ್ಟು ಮುಳುಗು ಎಂದು ಲೆಕ್ಕ.
ನೀರಿಗೆ ನೀರೇ ಅಳತೆ.
ಮುಳುಗಿಗೊಂದು ಹುಣಸೆಬೀಜ ಎತ್ತಿಡುವುದು
ಏಳು ವರ್ಷದ ನನ್ನ ಕೆಲಸ.

ಹೂಳೆತ್ತಲು ಆಳು ಕಳಿಸದ ಮನೆಗೆ
ಮೂರು ಮುಳುಗಿನ ಜಾಗದಲ್ಲಿ ಎರಡೇ.
ಊರು ಮಾಡಿದ ಕಟ್ಟಳೆ.
ಗಂಡ ಸತ್ತ ಸಣ್ಣಗಿರಿಯಕ್ಕ
ಕಳಿಸುವುದಾದರೂ ಯಾರನ್ನ? ತೊಟ್ಟಿಲಲ್ಲಿದ್ದ ಕೂಸನ್ನ?

ಅವಳ ಸರದಿ ಬಂದಾಗ ಅಪ್ಪ
ಬಟ್ಟಲನ್ನು ಸುಮ್ಮನೆ ಪಂಚೆಯಲ್ಲಿ ಒರೆಸುವನು.
ಆಮೇಲೆ ಹುಣಸೆಬೀಜ ನನ್ನ ಬೆರಳಲ್ಲೇ ಬೆವರುತ್ತಿತ್ತು.
ಆಕಳಿಸಿ, ತೂಕಡಿಸಿ, ಎದ್ದು ನೋಡಿದರೂ
ಬಟ್ಟಲು ಇನ್ನೂ ತೇಲುತ್ತಲೇ ಇತ್ತು.

ಮುಂದಿನ ಸರದಿಯ ರುದ್ರಮುನಿಯ ಕೈಯಲ್ಲಿ
ಹೊಸ ಎಚ್‌ಎಂಟಿ ಗಡಿಯಾರ.
ಒಮ್ಮೆ ಅದನ್ನು ನೋಡಿದ. ಒಮ್ಮೆ ಬಟ್ಟಲನ್ನು.
ಒಮ್ಮೆ ಅಪ್ಪನನ್ನು.
ಅಪ್ಪ ಮೋಡ ನೋಡುತ್ತಿದ್ದ, ಮೋಡವೇ ಇಲ್ಲದ ಕಡೆ.
ಜಗಳ ಏಳುತ್ತದೆಂದು ನಾನು ಬೀಜ ಮುಚ್ಚಿ ಹಿಡಿದೆ.
ರುದ್ರಮುನಿ ಅಂಗಿ ತೋಳನ್ನು
ಮೆಲ್ಲಗೆ ಗಡಿಯಾರದ ಮೇಲೆ ಎಳೆದುಕೊಂಡು
‘ಬೀಡಿ ಐತೇನೋ ಪಾಲಯ್ಯ’ ಅಂದ.

ಮೊನ್ನೆ ಬಾಡಿಗೆ ಮನೆಯಲ್ಲಿ
ಎಂಟು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಬಂತು.
ಕೊಡ, ಬಕೀಟು, ಕುಕ್ಕರು ಸಹ ತುಂಬಿಸಿಟ್ಟು
ಬಟ್ಟಲು ಬೆಳಗೋಣವೆಂದು ಹುಣಸೆಹಣ್ಣು ಹಿಡಿದೆ.
ತೂತಿನ ಅಂಚಿಗೆ ಕಪ್ಪಗೆ ಏನೋ.
ಉಗುರು ತಾಗಿಸಿದರೆ ಮೆತ್ತಗೆ.
ಜೇನುಮೇಣ.

ಹಾಗಾದರೆ ಕೊನೆಯ ಸರದಿ ಅವಳದೇ.
ಮೇಣ ತೆಗೆಯುವ ಮೊದಲೇ
ತೂಬಿನ ಬಾಯಿ ಒಣಗಿರಬೇಕು.
ಆಮೇಲೆ ಕೆರೆಗೆ ಜಾಲಿ ಬಂತು, ಊರಿಗೆ ಬೋರು ಬಂತು,
ಅಪ್ಪ ಬಟ್ಟಲನ್ನು ಸೂರಿನ ಸಂದಿಗೆ ಸಿಕ್ಕಿಸಿದ.

ಹುಣಸೆಹಣ್ಣು ಬದಿಗಿಟ್ಟು
ಬಕೀಟಿನಲ್ಲಿ ತೇಲಿ ಬಿಟ್ಟು ಮೊಬೈಲು ಹಿಡಿದು ಕೂತೆ.
ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಎಲ್ಲರೂ ಬಲ್ಲರು.
ಇದು ಮುಳುಗಿದ್ದು ಮೂವತ್ತಾರಕ್ಕೆ.
ಎರಡು ಸಲ ನೋಡಿದೆ. ಮೂವತ್ತಾರೇ.

ಮಗ್ಗಿ ಬಾರದ, ಹೆಬ್ಬೆಟ್ಟಿನ ಅಪ್ಪ
ಎರಡರಲ್ಲಿ ಮೂರು ಹಿಡಿಸಿದ್ದ,
ಒಂದು ಚೂರೂ ಹೆಚ್ಚಿಲ್ಲದೆ.