ಗಾಳಿ ಐತೆ

ಜೋಗಿಮಟ್ಟಿಯ ಬೆನ್ನಿಗೆ, ಸಬ್‌ಸ್ಟೇಷನ್ನಿನ ತಗಡಿನ ಕೋಣೆಯಲ್ಲಿ
ನಾನು ಬರೆದ ಪ್ರೋಗ್ರಾಮು ಕಾಯುತ್ತದೆ.
ಅದರ ಮುಕ್ಕಾಲು ಕೆಲಸ ಕಾಯುವುದೇ.
ಗಾಳಿ ಎದ್ದರೆ ಏಳುತ್ತದೆ.
ರೆಕ್ಕೆ ತಿರುಗಿದರೆ, ಎಣ್ಣೆ ಬಿಸಿಯಾದರೆ,
ತಂತಿಯಲ್ಲಿ ಕರೆಂಟು ತಡವರಿಸಿದರೆ
ಯಾರು ಅನ್ನುತ್ತದೆ,
ಬಂದವರಿಗೆ ತಕ್ಕ ಉಪಚಾರ ಮಾಡಿ
ಮತ್ತೆ ಕೂರುತ್ತದೆ.
ಕರೆಯದೆ ಬರುವವರಿಗಾಗಿಯೇ ಕಟ್ಟಿದ ಮನೆ.

ಆ ಮನೆಗೊಂದು ದಫ್ತರ ಇಡಬೇಕಿತ್ತು:
ಯಾರು ಬಂದರು, ಎಷ್ಟು ಹೊತ್ತಿಗೆ, ಏನೆಂದರು.
ಇದರಲ್ಲೇನು ಕಷ್ಟ, ನಾಲ್ಕು ಸಾಲಿನ ಸೆಟ್ಟಿಂಗು.
ಎಲ್ಲವನ್ನೂ ಬರಿ,
ಎಲ್ಲಿಂದ ಬಂದರೂ ಬರಿ,
ಡಿಸ್ಕಿಗೂ ಬರಿ, ಪರದೆಗೂ ಬರಿ.
ಹೊಸದಾಗಿ ಮದುವೆಯಾದವರು ಹೀಗೇ ಫೋಟೊ ತೆಗೆಯುತ್ತಾರೆ.

ಆಷಾಢದ ಗಾಳಿ. ಇಪ್ಪತ್ತಾರು ಫ್ಯಾನು.
ಮೂರನೆಯದು ಪಡುವಣಕ್ಕೆ ಮುಖ ತಿರುಗಿಸಿತು
ಮೂರನೆಯದು ಇನ್ನೊಂದು ಗೆರೆ ತಿರುಗಿಸಿತು
ಹದಿನೇಳು ಕ್ಷೇಮ ಹದಿನೇಳು ಕ್ಷೇಮ ಹದಿನೇಳು ಕ್ಷೇಮ
ಓದಲು ಕೂತರೆ
ಕಣ್ಣಿಗೆ ರಾಗಿ ಎರಚಿದ ಹಾಗೆ.

ಆ ರಾತ್ರಿಯ ತಪ್ಪು ಸಣ್ಣದು.
ಒಂದು ಸಾಲು ಬರೆದು ಮುಗಿಯುವುದೂ ಒಂದು ಘಟನೆ,
ನಾನು ಅದಕ್ಕೂ ಕಿವಿ ಕೊಟ್ಟಿದ್ದೆ.
ಬರೆದೆ, ಎಂದಿತು.
ಬರೆದೆ ಎಂದು ಬರೆದೆ, ಎಂದಿತು.
ಬರೆದೆ ಎಂದು ಬರೆದೆ ಎಂದು ಬರೆದೆ
ಎನ್ನುತ್ತ ಎನ್ನುತ್ತ ಎರಡು ಗಂಟೆ ಹತ್ತು ನಿಮಿಷಕ್ಕೆ
ಡಿಸ್ಕು ತುಂಬಿ ಬಾಯಿ ಮುಚ್ಚಿತು.
ಎರಡೂಕಾಲಿಗೆ ಹನ್ನೆರಡನೆಯ ಫ್ಯಾನು ನಿಂತಿತು.

ಬೆಳಿಗ್ಗೆ ಹುಬ್ಬಳ್ಳಿಯಿಂದ ಫೋನು:
ಮೇಡಂ, ಯಾವಾಗ? ಯಾಕೆ?
ಒಂಬತ್ತು ಕೋಟಿ ಸಾಲಿನಲ್ಲಿ ಉತ್ತರವಿಲ್ಲ.
ಗೇಟಿನ ಪಾಲಯ್ಯ ತನ್ನ ಉದ್ದನೆಯ ರಿಜಿಸ್ಟರು ತಂದ,
ದಾರಕ್ಕೆ ಕಟ್ಟಿದ ಪೆನ್ನಿನ ಸಮೇತ. ಬೆರಳಿಟ್ಟ.
‘೨-೧೫. ೧೨ನೇ ಫ್ಯಾನು ನಿಂತೈತೆ. ಗಾಳಿ ಐತೆ.’
ಅದರ ಮೇಲಿನದು ಹನ್ನೊಂದರದ್ದು: ‘ಡೀಸೆಲ್ ಲಾರಿ ಹೋಯ್ತು.’
ನಡುವೆ ಮೂರು ಗಂಟೆ,
ಕಾಗದದ ಮೇಲೆ ಬೆರಳಗಲವೂ ಇಲ್ಲ.

‘ಈ ಮಧ್ಯೆ ಏನೂ ಆಗಲಿಲ್ವಾ, ಪಾಲಯ್ಯ?’
‘ನರಿ ಕೂಗ್ತು. ಗಾಳಿ ಬೀಸ್ತು.
ದಿನಾ ಆಗೋದನ್ನ ಏನ್ ಬರಿಯೋದವ್ವ?’

ಯಾಕೆ ನಿಂತಿತೆಂದು ಇಂದಿಗೂ ಗೊತ್ತಿಲ್ಲ.
ಆದರೆ ಆ ಎರಡು ಪದ ಬಿಡಲಿಲ್ಲ.
ಗಾಳಿ ಐತೆ.
ಗಾಳಿ ಸತ್ತರೆ ಇಪ್ಪತ್ತಾರೂ ನಿಲ್ಲುತ್ತವೆ, ಅದು ಸುದ್ದಿಯಲ್ಲ.
ಬೀಸುತ್ತಿರುವಾಗ ನಿಂತದ್ದು ಸುದ್ದಿ.

ಮಧ್ಯಾಹ್ನ ಕೂತು ತಿದ್ದಿದೆ.
ಗೊಣಗು, ಮಾತು, ಎಚ್ಚರಿಕೆ, ಕೂಗು ಎಂದು ಮಟ್ಟ ಹಾಕಿ
ಗೊಣಗಿಗೆ ಬೀಗ,
ಬೇಕೆಂದಾಗ ಒಂದು ಫ್ಯಾನಿಗಷ್ಟೇ ತೆರೆಯುವ ಹಾಗೆ.
ಹೇಳಿದ್ದನ್ನೇ ಹೇಳಿದರೆ ‘ಇದೇ ಮಾತು, ನಾನೂರು ಸಲ’ ಎಂದು ಒಂದೇ ಸಾಲು.
ಎಚ್ಚರಿಕೆಯ ಪಕ್ಕ ಆ ಹೊತ್ತಿನ ಗಾಳಿಯ ವೇಗ, ಕಡ್ಡಾಯ.
ಏಳು ದಿನಕ್ಕೆ ಏಳು ಕಡತ,
ಎಂಟನೆಯ ದಿನ ಮೊದಲನೆಯದಕ್ಕೆ ಮಣ್ಣು.
ಮತ್ತೆ, ದಫ್ತರ ತನ್ನ ಬಗ್ಗೆ ತಾನು ಬರೆದುಕೊಳ್ಳತಕ್ಕದ್ದಲ್ಲ.
ಈ ಸಾಲಿನ ಪಕ್ಕ ನನ್ನ ಹೆಸರು ಹಾಕಿದ್ದೇನೆ, ತಾರೀಖು ಸಮೇತ,
ಮುಂದೆ ಬರುವವರು ನಗಲಿ.

ಕಿಟಕಿಗೆ ಕೋಟೆಯ ಬತೇರಿ ಕಾಣುತ್ತದೆ.
ಅಲ್ಲಿ ಕೂತವರಿಗೂ ಯಾರೋ ಹೇಳಿಕೊಟ್ಟಿರಬೇಕು,
ಯಾವ ಧೂಳಿಗೆ ಕಹಳೆ,
ಯಾವ ಧೂಳು ಬರೀ ದನ.

ಈಗ ರಾತ್ರಿ ಕಡತ ತೆರೆದರೆ ಖಾಲಿ.
ಖಾಲಿ ಎಂದರೆ ಕ್ಷೇಮವೋ, ಕಿವಿಯೇ ಕೆಟ್ಟಿದೆಯೋ
ತಿಳಿಯದೆ ಎರಡು ರಾತ್ರಿ ನಿದ್ದೆಗೆಟ್ಟೆ.
ಅದಕ್ಕೇ ಗಂಟೆಗೊಂದು ಸಾಲು ಬಿಟ್ಟಿದ್ದೇನೆ:
‘ಇದ್ದೇನೆ.’
ಪಾಲಯ್ಯನೂ ಗಂಟೆಗೊಮ್ಮೆ
ಗೇಟಿನ ಕಂಬಿಗೆ ಲಾಠಿ ಬಡಿಯುತ್ತಾನೆ.
ಒಮ್ಮೊಮ್ಮೆ ಎರಡೂ ಒಂದೇ ಕ್ಷಣಕ್ಕೆ.
ಒಮ್ಮೊಮ್ಮೆ ಅವನದು
ಒಂದು ಬೀಡಿಯಷ್ಟು ತಡ.